ಗೋಡೆಗೆ ಕೇಳಬೇಡಿ, ಬೂತ್‌ಗೆ ಕೇಳಿ

ಅಮೆರಿಕದ ಗಡಿಯಲ್ಲಿ ಒಂದು ಚೆಕ್‌ಪೋಸ್ಟ್ ದೊಡ್ಡದು ಮಾಡಬೇಕು ಅಂತಿಟ್ಟುಕೊಳ್ಳಿ. ನಾಲ್ಕು ಹೊಸ ತಪಾಸಣೆ ಬೂತ್, ಒಂದು ಪಾರ್ಕಿಂಗ್ ಜಾಗ, ಒಂದು ನಾಯಿಗೂಡು (ಗಾಂಜಾ ಮೂಸುವ ನಾಯಿಗೆ, ಸ್ವಾಮಿ). ಒಂದು ಇಟ್ಟಿಗೆ ಇಡುವ ಮೊದಲು ಅಲ್ಲಿನ ಸರ್ಕಾರ ಜನರನ್ನು ಕೇಳುತ್ತದೆ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತದೆ. ಪೇಪರಿನಲ್ಲಿ ಪ್ರಕಟಣೆ ಕೊಟ್ಟು, ಊರಿನ ಯಾವುದೋ ಹಾಲ್ ಹಿಡಿದು, ಸ್ಟ್ಯಾಂಡ್ ಮೇಲೆ ದೊಡ್ಡ ದೊಡ್ಡ ನಕ್ಷೆ ನಿಲ್ಲಿಸಿ, ಬಾಗಿಲಲ್ಲಿ ಹೆಸರು ಬರೆಸಿಕೊಂಡು, ಕೈಗೊಂದು ಪೆನ್ನು ಕೊಟ್ಟು, "ನಿಮಗೇನನ್ನಿಸುತ್ತದೆ, ಹೇಳಿ" ಅನ್ನುತ್ತದೆ. ಮನೆಯಲ್ಲೇ ನಮ್ಮನ್ನು ಯಾರೂ ಇಷ್ಟು ಮರ್ಯಾದೆಯಿಂದ ಕೇಳುವುದಿಲ್ಲ.

ಇದಕ್ಕೆಲ್ಲ ಕಾರಣ ನೇಪಾ ಅನ್ನುವ ಕಾನೂನು, ಅಂದರೆ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. 1970ರ ಜನವರಿ 1ರಂದು ರಿಚರ್ಡ್ ನಿಕ್ಸನ್ ಸಹಿ ಹಾಕಿದ್ದು. ಹೌದು, ವಾಟರ್‌ಗೇಟ್ ಹಗರಣದ ಅದೇ ನಿಕ್ಸನ್. ಕೇಂದ್ರ ಸರ್ಕಾರದ ಇಲಾಖೆ ಏನಾದರೂ ದೊಡ್ಡದನ್ನು ಕಟ್ಟುವ ಮೊದಲು ಕೂತು ಯೋಚಿಸಬೇಕು, ಗಾಳಿ ನೀರು ಮಣ್ಣು ಸದ್ದು ಪ್ರಾಣಿ ಹಳೇ ಕಟ್ಟಡ ಎಲ್ಲಕ್ಕೂ ಏನಾಗುತ್ತದೆ ಅಂತ ಬರೆಯಬೇಕು. ಅಷ್ಟೇ. ಯೋಚಿಸಿದ ಮೇಲೆ ಒಳ್ಳೆಯದನ್ನೇ ಮಾಡಬೇಕು ಅನ್ನುವ ಕಡ್ಡಾಯವಿಲ್ಲ. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿಬಿಟ್ಟಿತು: ಈ ಕಾನೂನು ತಡೆಯುವುದು ತಿಳಿಯದೆ ಮಾಡುವ ಕೆಲಸವನ್ನು, ಬುದ್ಧಿಯಿಲ್ಲದೆ ಮಾಡುವ ಕೆಲಸವನ್ನಲ್ಲ. ಅಂದರೆ ಗುಂಡಿಗೆ ಧಾರಾಳವಾಗಿ ಬೀಳಿ. ಬೀಳುವ ಮೊದಲು ಗುಂಡಿ ಎಷ್ಟು ಆಳ ಅಂತ ಅಳತೆ ತೆಗೆದು ಫೈಲ್‌ಗೆ ಹಾಕಿ.

ಹೀಗೆ ಬರೆಯುವ ವರದಿಯಲ್ಲಿ ನನಗೆ ತುಂಬಾ ಇಷ್ಟವಾಗುವ ಪಾತ್ರ ಒಂದಿದೆ. ಅದರ ಹೆಸರು "ಏನೂ ಮಾಡದಿರುವ ಆಯ್ಕೆ". ಪ್ರತಿ ವರದಿಯಲ್ಲೂ ಅದಕ್ಕೆ ಒಂದು ಕುರ್ಚಿ ಹಾಕಿ ಕೂರಿಸುತ್ತಾರೆ. ಮೊದಲ ಅಧ್ಯಾಯದಲ್ಲೇ ಈ ಯೋಜನೆಯ ಅಗತ್ಯ ಏನು ಅಂತ ಬರೆದಿರುತ್ತಾರೆ: ಚೆಕ್‌ಪೋಸ್ಟ್ ದೊಡ್ಡದಾಗಬೇಕು. ಏನೂ ಮಾಡದಿದ್ದರೆ ದೊಡ್ಡದಾಗುತ್ತದಾ? ಇಲ್ಲ. ಹಾಗಾದರೆ ಈ ಆಯ್ಕೆ ಅಗತ್ಯ ಪೂರೈಸುವುದಿಲ್ಲ, ಫೇಲ್. ಕೈಕಾಲು ಕಟ್ಟಿ ಅಖಾಡಕ್ಕೆ ಇಳಿಸಿದ ಪೈಲ್ವಾನನ ಹಾಗೆ ಪಾಪ, ಪ್ರತಿ ಸಲ ಬರುತ್ತದೆ, ಪ್ರತಿ ಸಲ ಸೋಲುತ್ತದೆ, ಆದರೂ ಮುಂದಿನ ವರದಿಗೆ ಮತ್ತೆ ಹಾಜರ್.

ದುಡ್ಡಿನ ಕಥೆಯನ್ನೂ ನೋಡಿ. 2021ರ ಮೂಲಸೌಕರ್ಯ ಕಾನೂನಿನಲ್ಲಿ ಈ ಗಡಿ ಚೆಕ್‌ಪೋಸ್ಟ್‌ಗಳಿಗಾಗಿಯೇ ಜಿಎಸ್‌ಎ ಅನ್ನುವ ಇಲಾಖೆಗೆ (ಸರ್ಕಾರಿ ಕಟ್ಟಡಗಳ ಮಾಲೀಕ ಅದು) ಸುಮಾರು 340 ಕೋಟಿ ಡಾಲರ್ ಕೊಟ್ಟರು. ಯಾವ ಯಾವ ಚೆಕ್‌ಪೋಸ್ಟ್ ಅನ್ನುವ ಪಟ್ಟಿಯೂ ಬಂತು. ಎಷ್ಟೋ ಕಡೆ ಅಭಿಪ್ರಾಯ ಕೇಳುವ ಸಭೆ ನಡೆದದ್ದು ಇದಾದ ಮೇಲೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟು, ಲಗ್ನಪತ್ರಿಕೆ ಹಂಚಿ, ಅಡುಗೆಯವರಿಗೆ ಮೆನು ಹೇಳಿದ ಮೇಲೆ ಜಾತಕ ತೋರಿಸಲು ಹೋದ ಹಾಗೆ. ಜೋಯಿಸರಿಗೂ ಗೊತ್ತು ಏನು ಹೇಳಬೇಕು ಅಂತ.

ಜೋಯಿಸರು ಹೇಳುವ ಮಾತಿಗೆ ಇಂಗ್ಲಿಷಿನಲ್ಲಿ ಒಂದು ಅಡ್ಡಹೆಸರಿದೆ, ಫಾನ್ಸಿ. ಫ್ಯಾನ್ಸಿ ಅಲ್ಲ, ಫಾನ್ಸಿ. "ಹೇಳಿಕೊಳ್ಳುವಂಥ ಪರಿಣಾಮ ಏನೂ ಇಲ್ಲ ಎಂದು ಕಂಡುಬಂದಿದೆ" ಅನ್ನುವ ಸರ್ಟಿಫಿಕೇಟ್. ಇದು ಸಿಕ್ಕಿತು ಅಂದರೆ ಸಣ್ಣ ವರದಿಯಲ್ಲೇ ಕೆಲಸ ಮುಗಿಯಿತು, ದೊಡ್ಡ ವರದಿ ಬೇಡ. ಸಿಗದಿದ್ದರೆ ಮಾತ್ರ ದೊಡ್ಡ ವರದಿ. ದೊಡ್ಡದು ಅಂದರೆ ಎಷ್ಟು ದೊಡ್ಡದು? ಶ್ವೇತಭವನದ ಪರಿಸರ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡ ವರದಿಗೆ ಸರಾಸರಿ ನಾಲ್ಕೂವರೆ ವರ್ಷ, 600 ಪುಟಕ್ಕೂ ಜಾಸ್ತಿ. ಇದು ಅತಿಯಾಯಿತು ಅಂತ 2023ರಲ್ಲಿ ಕಾನೂನು ತಿದ್ದಿದರು. ದೊಡ್ಡ ವರದಿ 150 ಪುಟ ದಾಟಬಾರದು, ತೀರಾ ಜಟಿಲವಾದರೆ 300. ಸಣ್ಣದು 75. ಆದರೆ ಅನುಬಂಧಗಳು ಈ ಲೆಕ್ಕಕ್ಕೆ ಬರುವುದಿಲ್ಲ! ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದಾಗ ತೂಕದ ಮಷೀನಿನ ಮೇಲೆ ಒಂದು ಕಾಲು ಮಾತ್ರ ಇಟ್ಟು ನಿಲ್ಲುವವರು ನೆನಪಾದರು.

ಈಗ ಸಭೆಗೆ ಬರೋಣ. ಸಭೆ ನಡೆಯುವುದು ಗಡಿಯ ಈಚೆ, ಅಮೆರಿಕದಲ್ಲಿ. ದಕ್ಷಿಣದ ಗಡಿಯಲ್ಲಾದರೆ ಕ್ಯೂ ನಿಂತಿರುವುದು ಗಡಿಯ ಆಚೆ, ಮೆಕ್ಸಿಕೋದಲ್ಲಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆ ಕ್ಯೂನಲ್ಲಿ ನಿಂತು ಈಚೆ ಕೆಲಸಕ್ಕೆ ಬರುವವರಿಗಿಂತ ಜಾಸ್ತಿ ಈ ಚೆಕ್‌ಪೋಸ್ಟ್ ಬಗ್ಗೆ ಗೊತ್ತಿರುವವರು ಯಾರೂ ಇಲ್ಲ. ಆದರೆ ಅವರು ಈ ಸಭೆಗೆ ಬಂದು "ಕ್ಯೂ ಜಾಸ್ತಿ ಇದೆ ಸ್ವಾಮಿ" ಅಂತ ಹೇಳಬೇಕಾದರೂ ಅದೇ ಕ್ಯೂನಲ್ಲೇ ನಿಂತು ಬರಬೇಕು. ಬರುವಷ್ಟರಲ್ಲಿ ಹಾಲ್‌ನಲ್ಲಿ ಕುರ್ಚಿ ಮಡಚುತ್ತಿರುತ್ತಾರೆ. ಪರವಾಗಿಲ್ಲ, ಬರೆದು ಕಳಿಸಬಹುದು. ಉತ್ತರವೂ ಬರುತ್ತದೆ, ವರದಿಯ ಹಿಂದಿನ ಪುಟಗಳಲ್ಲಿ, ನಿಮ್ಮ ಮಾತಿನ ಪಕ್ಕದಲ್ಲೇ: "ಗಮನಿಸಲಾಗಿದೆ". ನೀವು ಹೊಗಳಿ ಬರೆದರೂ ಗಮನಿಸಲಾಗಿದೆ, ಬೈದು ಬರೆದರೂ ಗಮನಿಸಲಾಗಿದೆ.

ವಿಸ್ತರಣೆಯ ಪರವಾಗಿ ವರದಿಗಳಲ್ಲಿ ಬರುವ ವಾದ ಮಾತ್ರ ಚೆಂದ. ಬೂತ್ ಜಾಸ್ತಿಯಾದರೆ ಕಾಯುವುದು ಕಡಿಮೆ, ಕಾಯುವುದು ಕಡಿಮೆಯಾದರೆ ನಿಂತಲ್ಲೇ ಎಂಜಿನ್ ಉರಿಯುವುದು ಕಡಿಮೆ, ಹಾಗಾಗಿ ಹೊಗೆ ಕಡಿಮೆ. ಕಾಂಕ್ರೀಟ್ ಸುರಿದಷ್ಟೂ ಗಾಳಿ ಶುದ್ಧ! ಸ್ಯಾನ್ ಡಿಯಾಗೋ ಪಕ್ಕದ ಸ್ಯಾನ್ ಯಿಸಿಡ್ರೋದಲ್ಲಿ ಇದನ್ನು ಮಾಡಿಯೂ ನೋಡಿದರು. 74.1 ಕೋಟಿ ಡಾಲರ್ ಖರ್ಚು ಮಾಡಿ 2019ರಲ್ಲಿ ಕೆಲಸ ಮುಗಿಸಿದರು. ಈಗ ಅಲ್ಲಿ ಒಳಬರುವ ಕಾರುಗಳಿಗೇ 34 ಲೇನ್, 62 ಬೂತ್. ಕ್ಯೂ ಹೋಯಿತಾ? ಗಡಿಯಾಚೆ ಮೆಕ್ಸಿಕೋದ ಟಿಹುವಾನಾದಲ್ಲಿ ಕ್ಯೂ ನಿಂತ ಕಾರುಗಳ ಮಧ್ಯೆ ತಿಂಡಿ ಮಾರುವವರನ್ನು ಕೇಳಿ, ಅವರ ವ್ಯಾಪಾರ ಇನ್ನೂ ನಡೆದೇ ಇದೆ. ಬೂತ್ ಎಷ್ಟಿದ್ದರೇನು, ಒಳಗೆ ಕೂರುವ ಅಧಿಕಾರಿ ಬೇಕಲ್ವಾ? ಕಟ್ಟಡ ಕಟ್ಟುವುದು ಒಂದು ಇಲಾಖೆ, ಅಧಿಕಾರಿ ಕೊಡುವುದು ಇನ್ನೊಂದು. ಖಾಲಿ ಬೂತ್‌ನಿಂದ ಮಾತ್ರ ಪರಿಸರಕ್ಕೆ ನಿಜಕ್ಕೂ ಯಾವ ಪರಿಣಾಮವೂ ಇಲ್ಲ.

ಹೊಗೆ ಅಂದಾಗ ನೆನಪಾಯಿತು. ಮೆಕ್ಸಿಕೋದ ಲಾರಿಗಳನ್ನು ದೇಶದ ಒಳಗೆಲ್ಲ ಓಡಾಡಲು ಬಿಟ್ಟರೆ ಅವುಗಳ ಹೊಗೆಯನ್ನೂ ಲೆಕ್ಕ ಹಾಕಬೇಕು ಅಂತ ಕೆಲವರು ಕೋರ್ಟಿಗೆ ಹೋಗಿದ್ದರು. 2004ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಲಾರಿಗಳನ್ನು ಒಳಗೆ ಬಿಡುವವರು ಅಧ್ಯಕ್ಷರು, ಲಾರಿ ಸುರಕ್ಷತೆಯ ಇಲಾಖೆಗೆ ಅದನ್ನು ತಡೆಯುವ ಅಧಿಕಾರವೇ ಇಲ್ಲ, ಹಾಗಾಗಿ ಆ ಹೊಗೆ ಇಲಾಖೆಯ ಲೆಕ್ಕಕ್ಕೆ ಬರುವುದಿಲ್ಲ. ಸರಿ, ಅಧ್ಯಕ್ಷರ ಲೆಕ್ಕಕ್ಕೆ? ಅಧ್ಯಕ್ಷರು ಇಲಾಖೆ ಅಲ್ಲವಲ್ಲ, ಅವರಿಗೆ ಈ ಕಾನೂನೇ ಅನ್ವಯಿಸುವುದಿಲ್ಲ. ಹೀಗೆ ಆ ಹೊಗೆ ಅನಾಥವಾಗಿ, ಯಾರ ಫೈಲಿನಲ್ಲೂ ಇಲ್ಲದೆ, ಜನರ ಪುಪ್ಪುಸದಲ್ಲಿ ಮಾತ್ರ ಉಳಿಯಿತು.

ನ್ಯಾಯವಾಗಿ ಹೇಳಬೇಕಾದರೆ, ಒಮ್ಮೊಮ್ಮೆ ಜನ ಬಿಡುವುದಿಲ್ಲ. ಟೆಕ್ಸಾಸ್‌ನ ಗಡಿ ಊರು ಎಲ್ ಪಾಸೋದಲ್ಲಿ ಬ್ರಿಡ್ಜ್ ಆಫ್ ದಿ ಅಮೆರಿಕಾಸ್ ಅಂತ ಮೆಕ್ಸಿಕೋಗೆ ಹೋಗುವ ಒಂದು ಸೇತುವೆ ಇದೆ. ಟೋಲ್ ಇಲ್ಲ, ಅದಕ್ಕೇ ಲಾರಿಗಳಿಗೆ ಅದೆಂದರೆ ಪ್ರಾಣ. ಪಕ್ಕದ ಚಮಿಜಲ್ ಬಡಾವಣೆಯವರು ಹೊಗೆ ಕುಡಿದು ಸಾಕಾಗಿ, ಚೆಕ್‌ಪೋಸ್ಟ್ ಚೆಂದ ಮಾಡುವುದಿರಲಿ, ಮೊದಲು ಲಾರಿಗಳನ್ನೇ ಇಲ್ಲಿಂದ ಕಳಿಸಿ ಅಂತ ಹಟ ಹಿಡಿದರು. ಕೊನೆಗೆ ಲಾರಿಯೇ ಬೇಡ ಅನ್ನುವ ಆಯ್ಕೆಯನ್ನೂ ವರದಿಯಲ್ಲಿ ಸೇರಿಸಬೇಕಾಯಿತು. ಅಪರೂಪಕ್ಕೆ ಪೆನ್ನು ಬರೆಯಿತು.

ಇಂಥ ಬಡಾವಣೆಗಳಿಗಾಗಿ ವರದಿಗಳಲ್ಲಿ ಒಂದು ಭಾಗವೇ ಇರುತ್ತಿತ್ತು. ಬಡವರ ಮೇಲೆ, ಅಲ್ಪಸಂಖ್ಯಾತರ ಮೇಲೆ ಭಾರ ಜಾಸ್ತಿ ಬೀಳುತ್ತದಾ ಅಂತ ನೋಡಬೇಕು ಅಂದದ್ದು 1994ರ ಕ್ಲಿಂಟನ್ ಆದೇಶ. 2025ರ ಜನವರಿಯಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು. ಬಡವರು ಅಲ್ಲೇ ಇದ್ದಾರೆ, ಅವರ ಪುಟಕ್ಕೆ ಆಧಾರ ಇಲ್ಲ. ಮರು ತಿಂಗಳೇ ಪರಿಸರ ಮಂಡಳಿ 1978ರಿಂದ ನಡೆದುಬಂದಿದ್ದ ತನ್ನ ನೇಪಾ ನಿಯಮಗಳನ್ನೆಲ್ಲ ಹಿಂದಕ್ಕೆ ಪಡೆಯಿತು. ಅದಕ್ಕೂ ಸಾರ್ವಜನಿಕರ ಅಭಿಪ್ರಾಯ ಕೇಳಿದರು, ಚಿಂತೆ ಬೇಡ. "ಮಧ್ಯಂತರ ಅಂತಿಮ ನಿಯಮ" ಅಂತ ಪ್ರಕಟಿಸಿ, ಅದರ ಜೊತೆಗೇ ಕೇಳಿದರು.

ಇಷ್ಟೆಲ್ಲ ಶಿಷ್ಟಾಚಾರ ನಾಲ್ಕು ಬೂತ್‌ಗೆ, ನಾಯಿಗೂಡಿಗೆ. ಈಗ ಅದೇ ಚೆಕ್‌ಪೋಸ್ಟ್‌ನ ಬೇಲಿ ದಾಟಿ ಪಕ್ಕಕ್ಕೆ ನೂರು ಹೆಜ್ಜೆ ನಡೆಯಿರಿ. ಅಲ್ಲಿ ಗೋಡೆ. ಮೈಲುಗಟ್ಟಲೆ ಉಕ್ಕು, ಎಷ್ಟೋ ಕಡೆ 30 ಅಡಿ ಎತ್ತರ. ಇದಕ್ಕೆ ವರದಿ ಕಡ್ಡಾಯವಾ? ಇಲ್ಲ. ಸಭೆ? ಇಲ್ಲ. ಪೆನ್ನು? ಇಲ್ಲ. 2005ರ ರಿಯಲ್ ಐಡಿ ಕಾನೂನಿನಲ್ಲಿ ಒಂದು ಸಾಲು ಸೇರಿಸಿದರು: ಗಡಿಯಲ್ಲಿ ಗೋಡೆ, ರಸ್ತೆ ಕಟ್ಟಲು ಅಡ್ಡ ಬರುವ ಯಾವ ಕಾನೂನನ್ನಾದರೂ ಗೃಹಭದ್ರತೆಯ ಮುಖ್ಯಸ್ಥರು ಪಕ್ಕಕ್ಕಿಡಬಹುದು. ಯಾವ ಕಾನೂನನ್ನಾದರೂ! 2008ರಲ್ಲಿ ಆ ಹುದ್ದೆಯಲ್ಲಿದ್ದ ಮೈಕೆಲ್ ಚೆರ್ಟಾಫ್ 30ಕ್ಕೂ ಹೆಚ್ಚು ಕಾನೂನುಗಳನ್ನು ಒಂದೇ ಏಟಿಗೆ ಪಕ್ಕಕ್ಕಿಟ್ಟರು. ಆ ದಿನ ಏಪ್ರಿಲ್ 1, ನಾನು ಸೇರಿಸಿದ್ದಲ್ಲ. ಗೋಡೆ ಅಂದರೆ ರಿಪಬ್ಲಿಕನ್ನರದ್ದು ಮಾತ್ರ ಅಂದುಕೊಳ್ಳಬೇಡಿ, 2023ರಲ್ಲಿ ಬೈಡನ್ ಸರ್ಕಾರವೂ ಟೆಕ್ಸಾಸ್‌ನ ಸ್ಟಾರ್ ಕೌಂಟಿಯಲ್ಲಿ 26 ಕಾನೂನುಗಳನ್ನು ಹಾಗೇ ಬದಿಗಿಟ್ಟಿತು. ಅರಿಜೋನಾದ ಆರ್ಗನ್ ಪೈಪ್ ಕ್ಯಾಕ್ಟಸ್ ರಾಷ್ಟ್ರೀಯ ಸ್ಮಾರಕದಲ್ಲಿ 2020ರಲ್ಲಿ, ಟೊಹೋನೊ ಓಡಮ್ ಅನ್ನುವ ಮೂಲನಿವಾಸಿ ಜನರಿಗೆ ಪವಿತ್ರವಾದ ಗುಡ್ಡದಲ್ಲೇ ಸಿಡಿಮದ್ದು ಇಟ್ಟು ಸಿಡಿಸಿದರು. ಅವರಿಗೆ ಏನನ್ನಿಸುತ್ತದೆ ಅಂತ ಕೇಳಲೇಬೇಕು ಅನ್ನುವ ಕಾನೂನೂ ಪಕ್ಕಕ್ಕೆ ಸರಿದಿತ್ತು.

ಇನ್ನೂ ಒಂದು ಜೀವ ಉಳಿದಿದೆ. ಅರಿಜೋನಾ, ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಚಪ್ಪಟೆ ಬಾಲದ ಕೊಂಬಿನ ಹಲ್ಲಿ ಅಂತ ಒಂದಿದೆ, ಅಂಗೈಯಷ್ಟು ಉದ್ದ. ಅಲ್ಲಿ ಸರ್ಕಾರಿ ಕೆಲಸ ನಡೆಯುವಾಗ ಇಂಥ ಪ್ರಾಣಿಗಾಗಿ ಜೀವಶಾಸ್ತ್ರಜ್ಞರನ್ನು ನೇಮಿಸುತ್ತಾರೆ. ಕೆಲಸದವರಿಗೆ ಹಲ್ಲಿಯ ಫೋಟೋ ತೋರಿಸಿ ತರಬೇತಿ ಕೊಡುತ್ತಾರೆ. ಅಗೆಯುವ ಜಾಗದಲ್ಲಿ ಹಲ್ಲಿ ಕಂಡರೆ ಕೆಲಸ ನಿಲ್ಲಿಸಿ, ಅದನ್ನು ಹುಷಾರಾಗಿ ಎತ್ತಿ, ನೆರಳಿನಲ್ಲಿ ಹೊತ್ತುಕೊಂಡು ಹೋಗಿ, ಬೇಲಿಯಾಚೆ ಬಿಟ್ಟು, ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬಿಟ್ಟ ಹಲ್ಲಿ ಕಣ್ಣು ಮಿಟುಕಿಸಿ ನೋಡಿದರೆ ಎದುರಿಗೆ ಉಕ್ಕಿನ ಗೋಡೆ. ಆ ಉಕ್ಕಿನ ಕಂಬಗಳ ನಡುವೆ ಸುಮಾರು 4 ಇಂಚು ಸಂದು ಬಿಟ್ಟಿದ್ದಾರೆ. ಜಾಗ್ವಾರ್ ಹಾಯುವುದಿಲ್ಲ, ಜಿಂಕೆ ಹಾಯುವುದಿಲ್ಲ. ಹಲ್ಲಿಗೆ ಅಷ್ಟು ಸಾಕು. ಒಂದು ಸಲ ಹಿಂತಿರುಗಿ ನೋಡಿ, ಬಾಲ ಎಳೆದುಕೊಂಡು, ಪಾಸ್‌ಪೋರ್ಟ್ ತೋರಿಸದೆ ಆಚೆ ಹೋಯಿತು. ಪಕ್ಕದಲ್ಲಿ 5ನೇ ಲೇನಿನ ಕಾರು ಇನ್ನೂ ಅಲ್ಲೇ ಇತ್ತು, ಎಂಜಿನ್ ಆನ್‌ನಲ್ಲಿ.