ರಜೆಯೆಂಬ ರಾಷ್ಟ್ರಸೇವೆ

ಕಡಲತೀರದಲ್ಲಿ ಕೈಕಾಲು ಚಾಚಿ ಮಲಗುವುದೂ ದೇಶಸೇವೆಯ ಒಂದು ಪ್ರಕಾರವೆಂಬುದು ನಮಗೆ ಗೊತ್ತಾದದ್ದು 2024ರ ಜನವರಿಯಲ್ಲಿ. ಆ ತಿಂಗಳ ಮೊದಲ ವಾರ ಪ್ರಧಾನಿಯವರು ಲಕ್ಷದ್ವೀಪದ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತ ಚಿತ್ರಗಳು ಪ್ರಕಟವಾದವು. ಅದನ್ನು ಕಂಡು ನಾಲಿಗೆ ಹರಿಯಬಿಟ್ಟ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳನ್ನು ಅಲ್ಲಿನ ಸರಕಾರವೇ ಅಮಾನತು ಮಾಡಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರೊಳಗೆ ನಮ್ಮ ನಾಗರಿಕರು ಮಾಲ್ಡೀವ್ಸ್ ರಾಜಧಾನಿ ಮಾಲೆಯ ಟಿಕೆಟ್ಟು ರದ್ದುಮಾಡಿದ ಪರದೆಯ ಚಿತ್ರವನ್ನು ಶೌರ್ಯ ಪ್ರಶಸ್ತಿಪತ್ರದಂತೆ ಹಂಚಿಕೊಳ್ಳತೊಡಗಿದ್ದರು. ಲಕ್ಷದ್ವೀಪದ ಹುಡುಕಾಟ ಶೇ. 3,400ರಷ್ಟು ಏರಿತೆಂದು ಪ್ರಯಾಣ ಸಂಸ್ಥೆಯೊಂದು ಸಾರಿತು. ಹಿಂದಿ ಚಿತ್ರರಂಗದ ಹೆಸರಾಂತ ನಟರೊಬ್ಬರಂತೂ ಸ್ವದೇಶದ ದ್ವೀಪಗಳನ್ನು ಹೊಗಳುವ ಭರದಲ್ಲಿ ಮಾಲ್ಡೀವ್ಸ್‌ನ ಚಿತ್ರವನ್ನೇ ಅಂಟಿಸಿ, ಆಮೇಲೆ ಅಳಿಸಿದರು.

ಹೊರಡಲು ಸಿದ್ಧರಾದ ದೇಶಭಕ್ತರಿಗೆ ಮೊದಲು ಎದುರಾದದ್ದು ವೈರಿಯಲ್ಲ, ಅರ್ಜಿ ನಮೂನೆ. 1967ರ ನಿಯಮಗಳ ಪ್ರಕಾರ, ದ್ವೀಪವಾಸಿಗಳಲ್ಲದ ಭಾರತೀಯರು ಲಕ್ಷದ್ವೀಪಕ್ಕೆ ಕಾಲಿಡಲು ಪರವಾನಗಿ ಪಡೆಯಬೇಕು. ಅದಕ್ಕೆ ಪೊಲೀಸ್ ಠಾಣೆಯಿಂದ ನಿರಾಕ್ಷೇಪಣಾ ಪತ್ರವೂ ಬೇಕಾಗಿತ್ತು. ಹೊರದೇಶದ ಮಾಲ್ಡೀವ್ಸ್ ಭಾರತೀಯರಿಗೆ ಇಳಿದ ಕೂಡಲೇ ವೀಸಾ ಕೊಡುತ್ತದೆ. ಸ್ವದೇಶದ ದ್ವೀಪಕ್ಕೆ ಹೋಗಬೇಕಾದವನು ತಾನು ಕಳ್ಳನಲ್ಲವೆಂದು ಠಾಣೆಯಿಂದ ಬರೆಸಿಕೊಂಡು ಬರಬೇಕಿತ್ತು. ದೇಶಪ್ರೇಮದ ಪುರಾವೆಯಾಗಿ ರದ್ದಾದ ಟಿಕೆಟ್ಟನ್ನು ಲಗತ್ತಿಸಲು ಮಾತ್ರ ಆ ನಮೂನೆಯಲ್ಲಿ ಅವಕಾಶವಿರಲಿಲ್ಲ.

ಇನ್ನು ಜಾಗದ ಲೆಕ್ಕ. ಲಕ್ಷದ್ವೀಪದ 36 ದ್ವೀಪಗಳನ್ನೂ ಒಟ್ಟುಗೂಡಿಸಿದರೆ ನೆಲ 32 ಚದರ ಕಿಲೋಮೀಟರು. ಜನವಸತಿ ಇರುವುದು 10ರಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಅದೂ ಸುಮಾರು 1,200 ಮೀಟರಿನ ಓಡುದಾರಿಯಲ್ಲಿ, ಎಟಿಆರ್‌ನಂಥ ಸಣ್ಣ ವಿಮಾನ. ಕುಡಿಯುವ ನೀರೆಂದರೆ ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೇಲಿಕೊಂಡಿರುವ ಮಳೆನೀರಿನ ತೆಳುಪದರ. ಅದು ಸಾಲದೆ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಸ್ಥಾಪಿಸಿದರು, ದಿನಕ್ಕೆ 1 ಲಕ್ಷ ಲೀಟರಿನ ಸಾಮರ್ಥ್ಯದ್ದು. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ, 12,000 ಲೀಟರಿನ ಎಂಟು ಟ್ಯಾಂಕರು. ಅದೇ 2024ರ ಮಾರ್ಚಿನಲ್ಲಿ ಟ್ಯಾಂಕರಿಗಾಗಿ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಕಾದು ನಿಂತವರೇ, ಎರಡು ತಿಂಗಳ ಹಿಂದೆ ಆ ಎಂಟು ಟ್ಯಾಂಕರಿನಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ ಮಾಡಿ ದೇಶಕ್ಕೆ ಉಪಕಾರ ಮಾಡಲು ಹೊರಟಿದ್ದರು. ಬಂಗಾರಂ ದ್ವೀಪದ ರೆಸಾರ್ಟು ಬಿಟ್ಟರೆ ಉಳಿದೆಡೆ ಮದ್ಯನಿಷೇಧವೆಂದು ತಿಳಿದಾಗ ಹಲವರ ದೇಶಭಕ್ತಿ ಬಂಗಾರಂನ ದಿಕ್ಕಿಗೇ ಕೇಂದ್ರೀಕೃತವಾಯಿತು.

ಲಕ್ಷದ್ವೀಪವನ್ನು ಆ ವಾರವಷ್ಟೇ ಕಂಡುಹಿಡಿದೆವೆಂಬ ಉತ್ಸಾಹ ಮಂಗಳೂರಿನವರಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿರಬೇಕು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ಅಕ್ಟೋಬರ್ ಕೊನೆಯವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಸರಕಾರ ಗೊತ್ತುಮಾಡಿದ ದರಕ್ಕೆ ಒಪ್ಪಿಸಿ, ಅಕ್ಕಿ ಒಯ್ಯುತ್ತಿದ್ದ ಕಾಲವಿತ್ತು. ಇಂದಿಗೂ ಹಳೆ ಬಂದರಿನ ಧಕ್ಕೆಯಲ್ಲಿ ನಿಂತರೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಆ ಕಡೆ ಹೊರಡುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಕಾಣುತ್ತವೆ. ಮಳೆಗಾಲದಲ್ಲಿ ಅವೂ ನಿಲ್ಲುತ್ತವೆ. ಮನೆ ಕಟ್ಟಲು ಜಲ್ಲಿಯೂ ಹಡಗಿನಲ್ಲಿ ಬರಬೇಕಾದ ಊರಿನಲ್ಲಿ ಮಾಲ್ಡೀವ್ಸ್‌ಗೆ ಸಡ್ಡು ಹೊಡೆಯುವ ರೆಸಾರ್ಟುಗಳನ್ನು ಒಂದೇ ವಾರಾಂತ್ಯದಲ್ಲಿ ಎಬ್ಬಿಸಿದ ಕೀರ್ತಿ ನಮ್ಮ ವಾಟ್ಸ್ಯಾಪ್ ಗುಂಪುಗಳಿಗೆ ಸಲ್ಲಬೇಕು.

ಮಿನಿಕಾಯಿಯ ವಿಚಾರವನ್ನು ಆ ಗುಂಪುಗಳಲ್ಲಿ ಯಾರೂ ಎತ್ತದಿದ್ದದ್ದು ಒಳ್ಳೆಯದೇ ಆಯಿತು. ಲಕ್ಷದ್ವೀಪದ ದಕ್ಷಿಣ ತುದಿಯ ಆ ದ್ವೀಪಕ್ಕೆ ತನ್ನ ರಾಜಧಾನಿ ಕವರತ್ತಿಗಿಂತ ಮಾಲ್ಡೀವ್ಸ್‌ನ ಉತ್ತರ ತುದಿಯೇ ಹತ್ತಿರ. ಅಲ್ಲಿನವರ ಮನೆಮಾತು ಮಹಲ್, ಮಾಲ್ಡೀವ್ಸ್‌ನ ದಿವೇಹಿಯ ಒಂದು ರೂಪ. ಮಾಲೆಯನ್ನು ಬಹಿಷ್ಕರಿಸಿ ಮಿನಿಕಾಯಿಯಲ್ಲಿ ಇಳಿದವನ ಕಿವಿಗೆ ಅದೇ ನುಡಿ ಬಿದ್ದರೆ ಅವನು ಹಿಂದಿರುಗುವ ಹಡಗಿಗೆ ಎಲ್ಲಿ ಓಡಬೇಕು?

ಈ ಸೇವೆಯಲ್ಲಿ ಇನ್ನೊಂದು ತೊಡಕಿದೆ: ಆರಂಭದ ಆದೇಶ ಎಲ್ಲರಿಗೂ ತಲುಪುತ್ತದೆ, ಮುಕ್ತಾಯದ ಆದೇಶ ಯಾರಿಗೂ ಬರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಮಾಲ್ಡೀವ್ಸ್‌ನ ಅಧ್ಯಕ್ಷ ಮುಯಿಝು ಅವರು ಭಾರತಕ್ಕೆ ಬಂದು, ಬೆಂಗಳೂರಿಗೂ ಭೇಟಿಯಿತ್ತರು; ಇದೇ ನಗರದಲ್ಲಿ ಆ ದೇಶದ ಕಾನ್ಸುಲೇಟು ತೆರೆಯುವ ಮಾತಾಯಿತು. ಟಿಕೆಟ್ಟು ರದ್ದುಮಾಡಿದ್ದ ಬೆಂಗಳೂರಿನ ಯೋಧರು ಅಂದು ಟ್ರಾಫಿಕ್ಕಿನಲ್ಲಿ ಸಿಲುಕಿದ್ದಿರಬಹುದು, ಪ್ರತಿಭಟನೆಯ ಸದ್ದು ಕೇಳಿಬರಲಿಲ್ಲ. 2025ರ ಮೇ ತಿಂಗಳಿನಲ್ಲಿ ಈ ಬಹಿಷ್ಕಾರದ ಪಡೆಯನ್ನು, ಪಾಕಿಸ್ತಾನದ ಪರ ನಿಂತ ತುರ್ಕಿ, ಅಜರ್‌ಬೈಜಾನ್ ವಿಭಾಗಕ್ಕೆ ವರ್ಗ ಮಾಡಲಾಯಿತು. ಜುಲೈನಲ್ಲಿ ಪ್ರಧಾನಿಯವರು ಮಾಲ್ಡೀವ್ಸ್‌ನ ಸ್ವಾತಂತ್ರ್ಯದ 60ನೇ ವರ್ಷಾಚರಣೆಗೆ ಅತಿಥಿಯಾಗಿ ಹೋಗಿ 4,850 ಕೋಟಿ ರೂಪಾಯಿಯ ಸಾಲದ ನೆರವು ಘೋಷಿಸಿದರು. ಈಗ ಮಾಲೆಯ ನೀಲಿನೀರಿನ ಫೋಟೊ ಹಾಕಿದವರನ್ನು ಯಾರೂ ದೇಶದ್ರೋಹಿ ಎನ್ನುವುದಿಲ್ಲ. ಅಂದು ಹಾಗೆಂದಿದ್ದವರೇ ಬಂದು, ಪ್ಯಾಕೇಜಿನಲ್ಲಿ ರಾತ್ರಿಯ ಊಟವೂ ಸೇರಿತ್ತೇ ಎಂದು ವಿಚಾರಿಸುತ್ತಾರೆ.