ಲೇಸ್ ಬಿಚ್ಚಿ ಒಳಗೆ ಬನ್ನಿ

ಟರ್ಕಿಗೆ ಹೊರಟಾಗ ಶೂ ವಿಷಯದಲ್ಲಿ ನನಗೆ ಬಂದಷ್ಟು ಸಲಹೆ ಮದುವೆ ವಿಷಯದಲ್ಲೂ ಬಂದಿರಲಿಲ್ಲ. "ಅಲ್ಲಿನ ಹಳೇ ಊರುಗಳಲ್ಲಿ ಎಲ್ಲಾ ಕಲ್ಲು ಹಾಸಿದ ಬೀದಿ, ಗಟ್ಟಿ ಶೂ ಬೇಕೇ ಬೇಕು" ಅಂತ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ನಾನೂ ಕಾಲಿನ ಗಂಟು ಮುಚ್ಚುವಂಥ, ಒಂದೊಂದಕ್ಕೂ ಹದಿನಾಲ್ಕು ತೂತಿರುವ ಲೇಸಿನ ಶೂ ಕೊಂಡೆ. ನಾವು ನೋಡಲು ಹೊರಟಿದ್ದು ಮಸೀದಿಗಳನ್ನು, ಹಳೇ ಮನೆಗಳನ್ನು. ಅಲ್ಲಿ ಶೂ ಹಾಕಿಕೊಳ್ಳುವುದಕ್ಕಿಂತ ಬಿಚ್ಚುವ ಕೆಲಸವೇ ಜಾಸ್ತಿ ಅಂತ ಮಾತ್ರ ಯಾರೂ ಹೇಳಲಿಲ್ಲ.

ಇಸ್ತಾಂಬುಲ್‌ನ ಜನಜಂಗುಳಿ ಸಾಕಾಗಿ ಕಪ್ಪು ಸಮುದ್ರದ ಕಡೆಯ ಸಫ್ರಾನ್‌ಬೊಲು ಅನ್ನೋ ಊರಿಗೆ ಹೋದೆವು. ಹೆಸರಲ್ಲೇ ಕೇಸರಿ ಇದೆ. ಕಣಿವೆಯ ಇಳಿಜಾರಿನಲ್ಲಿ ಒಂದರ ಹಿಂದೊಂದು ನಿಂತ ಬಿಳಿ ಗೋಡೆಯ ಒಟ್ಟೊಮನ್ ಕಾಲದ ಮನೆಗಳು. ಕೆಳಗಿನ ಅಂತಸ್ತಿಗಿಂತ ಮೇಲಿನದ್ದು ಬೀದಿಯ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ಯಾರು ಬಂದರು ಅಂತ ಬಗ್ಗಿ ನೋಡುವ ಅಜ್ಜಿಯ ಹಾಗೆ. 1994ರಲ್ಲಿ ಯುನೆಸ್ಕೋದವರು ಈ ಊರನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು. ನಾವು ಇಳಿದುಕೊಂಡದ್ದೂ ಇಂಥದ್ದೇ ಒಂದು ಕೊನಾಕ್‌ನಲ್ಲಿ. ಕೊನಾಕ್ ಅಂದರೆ ದೊಡ್ಡ ಮನೆ. ಬಾಗಿಲು ಮಾತ್ರ ಚಿಕ್ಕದು, ಅದು ನನ್ನ ಹಣೆಗೆ ಮೊದಲ ನಿಮಿಷದಲ್ಲೇ ಗೊತ್ತಾಯಿತು.

ಕೋಣೆ ಚೆನ್ನಾಗಿತ್ತು. ಗೋಡೆಯುದ್ದಕ್ಕೂ ಕೂರಲು ಜಗಲಿ, ಅದರ ಮೇಲೆ ಬಿಳಿ ಕಸೂತಿಯ ಬಟ್ಟೆ, ಕೆತ್ತನೆಯ ಮರದ ಚಾವಣಿ. ಆದರೆ ಬಚ್ಚಲುಮನೆ ಇಲ್ಲ! ಹೆಂಡತಿ ಹೊರಗೆ ಹೋಗಿ ಪಡಸಾಲೆಯೆಲ್ಲಾ ಹುಡುಕಿ ಬಂದಳು. ಬಾಡಿಗೆ ಬುಕ್ ಮಾಡಿದವನು ನಾನು. ಹಾಗಾಗಿ ಏನು ಕೇಳಬೇಕಾಗುತ್ತೋ ಅಂತ ಸುಮ್ನೆ ಅಂಗಿ ನೇತುಹಾಕಲು ಗೋಡೆಯ ಬೀರು ತೆಗೆದೆ. ಒಳಗೆ ಕಮೋಡು, ಅದರ ಪಕ್ಕ ಷವರ್.

ಆಮೇಲೆ ತಿಳಿಯಿತು, ಇದು ಹೋಟೆಲಿನವರ ಜಿಪುಣತನ ಅಲ್ಲ. ಈ ಮನೆಗಳಲ್ಲಿ ಒಂದೇ ಕೋಣೆ ಹಗಲು ಕೂರಲು, ಹೊತ್ತಿಗೆ ಉಣ್ಣಲು, ರಾತ್ರಿ ಮಲಗಲು. ಬೆಳಗಾದರೆ ಹಾಸಿಗೆ ಸುತ್ತಿ ಬೀರುವಿಗೆ ಹಾಕುತ್ತಿದ್ದರು. ಅದೇ ಬೀರುವಿನ ಒಂದು ಭಾಗದಲ್ಲಿ ಸ್ನಾನಕ್ಕೂ ಜಾಗ. ಹೋಟೆಲಿನವರು ಅದಕ್ಕೆ ನಲ್ಲಿ ಜೋಡಿಸಿದ್ದರು ಅಷ್ಟೆ. ರಾತ್ರಿ ಎದ್ದು ಕತ್ತಲಲ್ಲಿ ನಾನು ತಪ್ಪು ಬೀರು ತೆಗೆದು ಒಳಗೆ ಕಾಲಿಟ್ಟೆ. ಅಲ್ಲಿದ್ದದ್ದು ಕಂಬಳಿಗಳು. ಸದ್ಯ, ಹೊತ್ತಿಗೆ ಸರಿಯಾಗಿ ಗೊತ್ತಾಯಿತು.

ಮಾರನೇ ದಿನ ಕಾಯ್ಮಕಾಮ್‌ಲಾರ್ ಮನೆ ನೋಡಿದೆವು. ಈಗ ಅದು ಮ್ಯೂಸಿಯಂ. ಈ ಊರಿನ ಹಳೇ ಮನೆಗಳಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಅಂತ ಬೇರೆ ಬೇರೆ ಇರುತ್ತಿತ್ತು. ಎರಡರ ನಡುವೆ ಗೋಡೆಯಲ್ಲಿ ತಿರುಗುವ ಕಪಾಟು. ಹೆಂಗಸರು ಆ ಕಡೆಯಿಂದ ಊಟ ಇಟ್ಟು ತಿರುಗಿಸಿದರೆ ಈ ಕಡೆ ಅತಿಥಿಗಳ ಮುಂದೆ ತಟ್ಟೆ ಹಾಜರ್. ಯಾರ ಮುಖ ಯಾರೂ ನೋಡುವ ಹಾಗಿಲ್ಲ. ಹೆಂಡತಿ ಇದರ ಬಗ್ಗೆ ಕೇಳಿ ತುಂಬಾ ಹೊತ್ತು ಯೋಚನೆ ಮಾಡಿದಳು. "ರೀ, ನಮ್ಮನೇಲೂ ಇಂಥದ್ದೊಂದು ಮಾಡಿಸೋಣ. ಮ್ಯಾಚ್ ಇರೋ ದಿನ ಕಾಫಿ ಇಟ್ಟು ತಿರುಗಿಸಿಬಿಡ್ತೀನಿ."

ಅಷ್ಟರಲ್ಲಿ ಹೋಟೆಲು, ಮಸೀದಿ ಅಂತ ಹದಿನಾಲ್ಕು ತೂತಿನ ಲೆಕ್ಕದಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು. 17ನೇ ಶತಮಾನದ ಕೊಪ್ರುಲು ಮೆಹ್ಮೆತ್ ಪಾಷಾ ಮಸೀದಿಯ ಪಕ್ಕದಲ್ಲೇ ಹಳೇ ಚಮ್ಮಾರರ ಬೀದಿಯಿದೆ. ಅಲ್ಲಿ ಯೆಮೆನಿ ಅನ್ನೋ ಮೆತ್ತನೆ ಚರ್ಮದ ಮೆಟ್ಟು ಮಾರುತ್ತಾರೆ. ಲೇಸೂ ಇಲ್ಲ, ಹಿಮ್ಮಡಿಯೂ ಇಲ್ಲ. ಹೆಂಡತಿ ಒಂದು ಜೊತೆ ಕೊಂಡಳು. ನನಗೂ ಒಂದು ತೋರಿಸಿದಳು. ನಾನು ಲಿರಾವನ್ನು ರೂಪಾಯಿಗೆ ತಿರುಗಿಸಿ ನೋಡಿ, "ಇರೋ ಶೂಗೇ ಇನ್ನೂ ದುಡ್ಡು ಹುಟ್ಟಿಲ್ಲ" ಅಂದೆ. ಮುಂದಿನ ದಿನಗಳಲ್ಲಿ ಅವಳು ಪ್ರತಿ ಹೊಸ್ತಿಲಲ್ಲೂ ಪಟ್ ಅಂತ ಕಾಲು ಹೊರತೆಗೆದು ಒಳಗೆ ಹೋಗಿ, ಎಲ್ಲಾ ನೋಡಿ, ಹೊರಗೆ ಬರುವ ಹೊತ್ತಿಗೆ ನಾನು ಎರಡನೇ ಕಾಲಿನ ಲೇಸು ಬಿಚ್ಚುತ್ತಿದ್ದೆ.

ಆ ಮಸೀದಿಯಲ್ಲಿ ಇನ್ನೊಂದು ಎಡವಟ್ಟಾಯಿತು. ದೇವಸ್ಥಾನಕ್ಕೆ ಹೋದಾಗ ಒಂದು ಚಪ್ಪಲಿ ಈ ಮೂಲೆ, ಇನ್ನೊಂದು ಆ ಮೂಲೆ ಬಿಡುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಕಳ್ಳನಿಗೆ ಜೊತೆ ಸಿಗಬಾರದು. ಇಲ್ಲೂ ಕೈ ತಾನೇ ಹಾಗೆ ಮಾಡಿತು. ಹೊರಗೆ ಬಂದರೆ ಎರಡೂ ಇಲ್ಲ! ಬರಿಗಾಲಲ್ಲಿ ಅಂಗಳವೆಲ್ಲಾ ಓಡಾಡಿದೆ. ಕೊನೆಗೆ ಒಬ್ಬ ಮುದುಕಪ್ಪ ನಗುತ್ತಾ ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಪಾಪ, ಯಾರದ್ದೋ ಶೂ ದಿಕ್ಕಾಪಾಲಾಗಿದೆ ಅಂತ ಅವರೇ ಎತ್ತಿ ಜೋಡಿಸಿ ಇಟ್ಟಿದ್ದರು. ಲೇಸನ್ನೂ ಅಂದವಾಗಿ ಒಳಗೆ ಮಡಚಿದ್ದರು. ಥ್ಯಾಂಕ್ಸ್ ಹೇಳಲು ನನಗೆ ನಾಚಿಕೆಯಾಯಿತು.

ಭಾಷೆಯ ಬಗ್ಗೆ ನನಗೆ ಭಯ ಇರಲಿಲ್ಲ. ಪಾರಸಿ, ಅರಬ್ಬಿ ಮೂಲದ ಎಷ್ಟೋ ಮಾತು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು. ಸಾಬೂನು, ಕಾನೂನು, ಜೇಬು, ಮೈದಾನ ಎಲ್ಲವೂ ಸ್ವಲ್ಪ ಆಚೀಚೆಯಾಗಿ ಅಲ್ಲೂ ನಡೆಯುತ್ತವೆ. ಈ ಧೈರ್ಯದಲ್ಲೇ ಸಫ್ರಾನ್‌ಬೊಲು ಮುಗಿಸಿ ನಾವು ಹೋದ ಕಸ್ತಮೊನು ಅನ್ನೋ ಊರಿನ ಒಂದು ಮಸೀದಿಯ ಬಾಗಿಲಲ್ಲಿ ನಿಂತು, ಒಳಗೆ ಪ್ರಾರ್ಥನೆ ನಡೆಯುತ್ತಿಲ್ಲ ತಾನೇ ಅನ್ನೋ ಅರ್ಥದಲ್ಲಿ "ಖಾಲಿ?" ಅಂತ ಕೇಳಿದೆ. ಅಲ್ಲಿದ್ದವರ ಮುಖ ಅರಳಿತು. ಒಳಗೆ ಕರೆದುಕೊಂಡು ಹೋಗಿ, ಮಂಡಿಯೂರಿ ಕೂತು, ಜಮಖಾನೆಯ ಅಂಚು ಎತ್ತಿ ಹಿಂದು ಮುಂದು ತೋರಿಸಿ ಹತ್ತು ನಿಮಿಷ ಮಾತಾಡಿದರು. ಟರ್ಕಿ ಭಾಷೆಯಲ್ಲಿ ಹಲಿ ಅಂದರೆ ಜಮಖಾನೆ. ನಾನೂ ಅದಕ್ಕೇ ಬಂದವನ ಹಾಗೆ ತಲೆಯಾಡಿಸಿದೆ.

ಕಸ್ತಮೊನುವಿನಲ್ಲಿ ಮ್ಯೂಸಿಯಂ ಆಗಿರುವ ಒಂದು ಕಟ್ಟಡಕ್ಕೆ ಟೋಪಿಯ ನಂಟಿದೆ. 1925ರ ಆಗಸ್ಟ್‌ನಲ್ಲಿ ಟರ್ಕಿ ಗಣರಾಜ್ಯ ಕಟ್ಟಿದ ನಾಯಕ ಅತಾತುರ್ಕ್ ಈ ಸೀಮೆಗೆ ಬಂದು, ಫೆಜ್ ಅನ್ನೋ ಹಳೇ ಕಾಲದ ಕುಚ್ಚಿನ ಟೋಪಿ ಬಿಡಿ, ಹ್ಯಾಟ್ ಹಾಕಿ ಅಂತ ಜನರಿಗೆ ಹೇಳಿದ್ದು. ಅದೇ ನವೆಂಬರಿನಲ್ಲಿ ಕಾನೂನೇ ಬಂತು. ಇಡೀ ದೇಶಕ್ಕೆ ಟೋಪಿ ಹಾಕಿಯೂ ಕೆಟ್ಟ ಹೆಸರು ತಗೊಳ್ಳದ ನಾಯಕ ಅವನೊಬ್ಬನೇ ಇರಬೇಕು. ಇದನ್ನು ಹೆಂಡತಿಗೆ ವಿವರಿಸುತ್ತಾ ಹೊರಗೆ ಬಂದವನು ನನ್ನ ಟೋಪಿಯನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದೆ. ನೆನಪಾದಾಗ ಮ್ಯೂಸಿಯಂ ಮುಚ್ಚಿತ್ತು.

ಅದೇ ಊರಿನ ಲಿವಾ ಪಾಷಾ ಮನೆಯ ಮ್ಯೂಸಿಯಂನಲ್ಲಿ ಅರ್ಧ ನೋಡುವಾಗಲೇ ನನ್ನ ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿರುವುದನ್ನು ಹೆಂಡತಿ ಕಂಡಳು. "ಹೋಟೆಲಿನ ಹಳೇ ಮರದ ನೆಲ ನೋಡು, ಮೊಳೆ ತಾಗಿರಬೇಕು" ಅಂದೆ. ಸುಸ್ತಾಗಿತ್ತು, ಉಳಿದ ಕೋಣೆ ಬಿಟ್ಟು ಬಂದುಬಿಟ್ಟೆವು.

ಮರುದಿನ ಊರಾಚೆಯ ಕಸಬಾ ಹಳ್ಳಿಗೆ ಹೋದೆವು. ಅಲ್ಲಿ 1366ರ ಮಹಮುತ್ ಬೇ ಮಸೀದಿ ಇದೆ. ಹೊರಗಿನಿಂದ ನೋಡಿದರೆ ದವಸದ ಗೋದಾಮು. ಇದಕ್ಕಾ ಇಷ್ಟು ದೂರ ಬಂದದ್ದು ಅನ್ನಿಸಿತು. ಒಳಗೆ ಹೋದ ಮೇಲೆ ಬಾಯಿಂದ ಮಾತು ಹೊರಡಲಿಲ್ಲ. ಮರದ ಕಂಬ, ಮರದ ತೊಲೆ, ಮರದ ಅಟ್ಟ. ಒಂದೊಂದು ತುಂಡಿನ ಮೇಲೂ ಕೆಂಪು, ನೀಲಿ ಬಣ್ಣದ ಹೂಬಳ್ಳಿ. ಆರೂವರೆ ಶತಮಾನದ ಬಣ್ಣ! 2023ರಲ್ಲಿ ಅನಾತೋಲಿಯಾದ ಇಂಥ ಐದು ಮಸೀದಿಗಳು ಒಟ್ಟಾಗಿ ಯುನೆಸ್ಕೋ ಪಟ್ಟಿ ಸೇರಿವೆ. ಕತ್ತೆತ್ತಿ ನೋಡುತ್ತಾ ನಿಂತೇ ಇದ್ದೆ. ಆಗ ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು.

"ಇದನ್ನ ಮೊಳೆ ಇಲ್ಲದ ಮಸೀದಿ ಅಂತಾರಂತೆ. ಒಂದೇ ಒಂದು ಮೊಳೆ ಹೊಡೆಯದೆ ಮರಕ್ಕೆ ಮರ ಸಿಕ್ಕಿಸಿ ಕಟ್ಟಿದ್ದು."

"ಹೌದಾ! ಅದ್ಭುತ ಅಲ್ವಾ?"

"ಹೌದು. ನಿಮ್ಮ ಇನ್ನೊಂದು ಕಾಲಿನ ಹೆಬ್ಬೆರಳು ನೋಡ್ಕೊಳ್ಳಿ."

ಮಾತು ತಿರುಗಿಸಲು ಬಾಗಿಲ ಕಡೆ ಬಂದೆ. ಮೈಯೆಲ್ಲಾ ಕೆತ್ತನೆಯ ಬಾಗಿಲು. ಹತ್ತಿರದಿಂದ, ದೂರದಿಂದ, ಬಗ್ಗಿ, ಕೂತು ನಲವತ್ತು ಫೋಟೋ ತೆಗೆದೆ. ಆಮೇಲೆ ಗೊತ್ತಾಯಿತು, ಅದು ನಕಲು. ಅಸಲಿ ಬಾಗಿಲನ್ನು ಜೋಪಾನವಾಗಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಯಾವುದರಲ್ಲಿ ಅಂದರೆ, ಹೆಬ್ಬೆರಳಿನ ಕಾರಣಕ್ಕೆ ನಾವು ಅರ್ಧಕ್ಕೇ ಬಿಟ್ಟು ಬಂದ ಲಿವಾ ಪಾಷಾ ಮನೆಯಲ್ಲಿ. ನಮ್ಮ ಬಸ್ಸು ಅದೇ ಸಂಜೆ.

ಬಸ್ಸಿಗೆ ಮುಂಚೆ ಅರ್ಧ ಗಂಟೆ ಸಿಕ್ಕಿತು. ನಸ್ರುಲ್ಲಾ ಮಸೀದಿ ಮುಂದೆ ಒಂದು ದೊಡ್ಡ ನೀರಿನ ಮಂಟಪವಿದೆ. ಅಲ್ಲಿನ ನೀರು ಕುಡಿದವರು ಏಳು ವರ್ಷದೊಳಗೆ ಕಸ್ತಮೊನುವಿಗೆ ಮತ್ತೆ ಬರುತ್ತಾರೆ ಅಂತ ಊರವರ ನಂಬಿಕೆ. ಬಾಗಿಲು ನೋಡಬೇಕಿತ್ತು, ಟೋಪಿಯೂ ತರಬೇಕಿತ್ತು. ನಾನು ಬೊಗಸೆ ಒಡ್ಡಿದೆ.

"ಸ್ವಲ್ಪ ತಡೀರಿ" ಅಂದಳು ಹೆಂಡತಿ. "ಬರೋದಾದ್ರೆ ಯಾವ ಶೂ ಹಾಕ್ಕೊಂಡು ಬರ್ತೀರಿ ಅಂತ ಮೊದಲು ಹೇಳಿ, ಆಮೇಲೆ ಕುಡೀರಿ."