ಪಾಸ್‌ವರ್ಡ್ ತೆಗೆಯೋದು ಮದ್ದಲ್ಲ್ರಿ
ಮನಿಯಾಗ ಒಂದು ಕಂಪ್ಯೂಟರಿನಾಗ ಶೇರ್ ಮಾಡಿದ ಫೋಲ್ಡರ್ ಇನ್ನೊಂದರಾಗ ತೆರೀಲಿಲ್ಲಂದ್ರ, ಪಾಸ್‌ವರ್ಡ್ ಕೇಳೋ ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಸೆಟ್ಟಿಂಗ್ ಆಫ್ ಮಾಡ್ರಿ ಅಂತ ಬರೆದೀರಿ, ಒಪ್ಪಂಗಿಲ್ಲ. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿದಾಗ ಗೆಸ್ಟ್ ಲಾಗಿನ್ (ಪಾಸ್‌ವರ್ಡ್ ಇಲ್ಲದ ಒಳಗ ಹೋಗೋದು) ಮೊದಲೇ ಬಂದ್ ಇರ್ತದ, ಆಫ್ ಮಾಡಿದ್ರೂ ಉಪಯೋಗಿಲ್ಲ. ಮನಿ ವೈಫೈ ವಿಂಡೋಸ್ ನೆಟ್‌ವರ್ಕ್ ಸೆಟ್ಟಿಂಗಿನಾಗ ‘ಪ್ರೈವೇಟ್’ (ನಂಬೋ ನೆಟ್‌ವರ್ಕ್) ಪ್ರೊಫೈಲಿಗೆ ಹಾಕ್ರಿ. ಫೋಲ್ಡರ್ ಇರೋ ಕಂಪ್ಯೂಟರಿನಾಗ ಪಾಸ್‌ವರ್ಡ್ ಇಟ್ಟು ಬ್ಯಾರೆ ಲೋಕಲ್ ಅಕೌಂಟ್ (ಆ ಕಂಪ್ಯೂಟರಿಗಷ್ಟೇ ಸೇರಿದ ಖಾತೆ) ಮಾಡಿ, ಫೋಲ್ಡರಿನ ಪ್ರಾಪರ್ಟೀಸಿನಾಗ ‘ಶೇರಿಂಗ್’, ‘ಸೆಕ್ಯುರಿಟಿ’ ಎರಡೂ ಟ್ಯಾಬಿನಾಗ ಅದಕ್ಕ ಅನುಮತಿ ಕೊಡ್ರಿ. ಒಂದರಾಗ ಬಿಟ್ರೂ ಒಳಗ ಹೋಗಾಕ ಬಿಡಂಗಿಲ್ಲ. ಇನ್ನೊಂದು ಕಂಪ್ಯೂಟರಿನಿಂದ ಲಾಗಿನ್ ಆಗುವಾಗ ವಿಂಡೋಸ್ ತೆರೆಯಾಕ ಹಾಕೋ ಪಿನ್ ನಡೆಯಂಗಿಲ್ಲ, ಪಾಸ್‌ವರ್ಡೇ ಬೇಕು (ಭಾಳ ಮಂದಿ ಇಲ್ಲೇ ಎಡವತಾರ). ಇನ್ನ ಕಲಬುರಗಿ ಬ್ಯಾಸಗ್ಯಾಗ ಕರೆಂಟ್ ಹೋಗಿ ಬಂದ್ರ ರೂಟರ್ ಆ ಕಂಪ್ಯೂಟರಿಗೆ ಹೊಸ ಐಪಿ (ನೆಟ್‌ವರ್ಕಿನಾಗಿನ ವಿಳಾಸದ ನಂಬರ್) ಕೊಟ್ಟಿರಬಹುದು, ಹಳೇ ಐಪಿ ಹಾಕಿ ಮ್ಯಾಪ್ ಮಾಡಿದ (ಆ ಫೋಲ್ಡರಿಗೆ ಜೋಡಿಸಿದ) ಡ್ರೈವ್ ಆಗ ಸಿಗಂಗಿಲ್ಲ. ಕಂಪ್ಯೂಟರ್ ಹೆಸರಿನಿಂದ ಮ್ಯಾಪ್ ಮಾಡ್ರಿ, ಇಲ್ಲಂದ್ರ ರೂಟರಿನ ಡಿಎಚ್‌ಸಿಪಿದಾಗ (ಐಪಿ ಹಂಚೋ ಸೆಟ್ಟಿಂಗ್) ಆ ಕಂಪ್ಯೂಟರಿಗೆ ಒಂದೇ ಐಪಿ ರಿಸರ್ವ್ ಮಾಡ್ರಿ.